ಗಾಜುದ್ರಾಕ್ಷಿಯೂ ಉಗುಳುವ ಬಕೆಟ್ಟೂ

ವೈನ್ ಕಾರ್ಖಾನೆಯ ಕೆಲಸಕ್ಕೆ ಸೇರಲು ಹೊರಟ ಹುಡುಗ ಹುಡುಗಿಯರು ಈಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಎಲ್ಲರೂ ಕೇಳುವುದು ಒಂದೇ: ಮೇಡಂ, ದಿನಾ ಕುಡಿಯಬೇಕಾಗುತ್ತಾ? ಇಲ್ಲಪ್ಪ, ದಿನಾ ಉಗುಳಬೇಕಾಗುತ್ತದೆ. ಬಾಯಿಗೆ ಹಾಕಿಕೊಳ್ಳುವುದು, ನಾಲಿಗೆಯ ಮೇಲೆ ಆಡಿಸುವುದು, ಸದ್ದು ಮಾಡಿ ಗಾಳಿ ಎಳೆದುಕೊಳ್ಳುವುದು, ಬಕೆಟ್ಟಿಗೆ ಉಗುಳುವುದು. ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಮಾಡಿದ್ದು ಇಷ್ಟನ್ನೇ, ಇದನ್ನೇ ಮಾಡಿ ಮಗಳ ಮದುವೆ ಮಾಡಿದೆ, ಇದನ್ನೇ ಮಾಡಿ ನಿವೃತ್ತಳಾದೆ.

ನನ್ನ ಹೆಸರು ಗಿರಿಜಾ. ಮನೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಿ.ಎಸ್ಸಿ. ಪದವಿ. ಮೊದಲು ನಾನು ಸೇರಿದ್ದು ಜಾಮ್, ಸ್ಕ್ವಾಷ್ ಮಾಡುವ ಕಾರ್ಖಾನೆಗೆ. ಹರಿಹರದ ರಸ್ತೆಯಲ್ಲಿತ್ತು. ಮಾಲೀಕರು ಮಹಾರುದ್ರಪ್ಪನವರು, ಮಂಡಿಪೇಟೆಯಲ್ಲಿ ಮೂರು ತಲೆಮಾರಿನಿಂದ ಬೆಲ್ಲ, ಬೇಳೆ ಸಗಟು ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಸರ್ಕಾರ ವೈನ್ ಮಾಡುವವರಿಗೆ ರಿಯಾಯಿತಿ ಕೊಡುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಸಾವ್ಕಾರರು ಜಾಮಿನ ಪಾತ್ರೆಗಳನ್ನು ಮೂಲೆಗೆ ಸರಿಸಿ ಸ್ಟೀಲಿನ ಟ್ಯಾಂಕು ತರಿಸಿದರು. ಆದರೆ ಹೊರಗಿನ ಬೋರ್ಡು ಬದಲಾಗಲಿಲ್ಲ. ಕೊನೆಯ ತನಕ ಅಲ್ಲಿ ‘ಹಣ್ಣಿನ ಪದಾರ್ಥಗಳು’ ಎಂದೇ ಇತ್ತು. ಸುಳ್ಳೇನಲ್ಲವಲ್ಲ, ದ್ರಾಕ್ಷಿ ಹಣ್ಣೇ ತಾನೇ.

ಊರಿಗೆಲ್ಲ ನಾವು ಜ್ಯೂಸ್ ಫ್ಯಾಕ್ಟರಿಯವರು. ನಮ್ಮ ಅತ್ತೆಗೂ ಅಷ್ಟೇ ಗೊತ್ತು, ಅಥವಾ ಅಷ್ಟೇ ಗೊತ್ತಿದ್ದರೆ ಸಾಕು ಎಂದು ಅವರು ತೀರ್ಮಾನಿಸಿದ್ದರು. ಕಂಪನಿಯೊಳಗೂ ವೈನ್ ಎಂಬ ಪದ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ‘ಮಾಲು’ ಎನ್ನುತ್ತಿದ್ದೆವು. ಮಾಲು ರೆಡಿ, ಮಾಲು ಹೋಯಿತು, ಮಾಲು ವಾಪಸ್ ಬಂತು. ಇನ್ನೂ ಸೊಗಸಿನ ಸಂಗತಿ ಎಂದರೆ ಆ ಕಂಪನಿಯಲ್ಲಿ ವೈನ್ ಕುಡಿಯುವವರು ಒಬ್ಬರೂ ಇರಲಿಲ್ಲ. ಸಾವ್ಕಾರರು ಮುಟ್ಟುತ್ತಿರಲಿಲ್ಲ. ಕೂಲಿಯ ಹೆಣ್ಣುಮಕ್ಕಳು ವಾಸನೆಗೇ ಮೂಗು ಮುರಿಯುತ್ತಿದ್ದರು. ಟ್ಯಾಂಕಿಗೆ ಬೀಗ ಹಾಕಿ ಕಾಯಬೇಕಾದ ಅಬಕಾರಿ ಇನ್‌ಸ್ಪೆಕ್ಟರು ರಮ್ಮಿನ ಭಕ್ತರು, ಹಣ್ಣಿನ ರಸಕ್ಕೆಲ್ಲ ಇಷ್ಟು ದೊಡ್ಡ ಬೀಗ ಯಾಕೆ ಎಂದು ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ನಾನಂತೂ ಉಗುಳುವವಳು.

ಉಗುಳುವುದನ್ನು ಕಲಿಯಲು ನನ್ನನ್ನು ಮಹಾರಾಷ್ಟ್ರಕ್ಕೆ ತರಬೇತಿಗೆ ಕಳಿಸಿದ್ದರು. ಅಲ್ಲಿ ಉಳಿದವರೆಲ್ಲ ಗುಟ್ಟಾಗಿ ನುಂಗಿದರು. ಸಂಜೆಯ ಪರೀಕ್ಷೆಯ ಹೊತ್ತಿಗೆ ನೆಟ್ಟಗೆ ನಿಂತು ಉತ್ತರ ಹೇಳುವ ಸ್ಥಿತಿಯಲ್ಲಿ ಇದ್ದವಳು ನಾನೊಬ್ಬಳೇ. ಮೊದಲನೆಯವಳಾಗಿ ಪಾಸಾದದ್ದು ಹೀಗೆ, ಬೇರೆ ಪ್ರತಿಭೆ ಏನೂ ಇಲ್ಲ. ಊರಿಗೆ ಬಂದ ಮೇಲೆ ಅಭ್ಯಾಸ ತಪ್ಪಬಾರದೆಂದು ಬೆಳಿಗ್ಗೆ ಹಿತ್ತಲಲ್ಲಿ ನಿಂತು ಮಜ್ಜಿಗೆ ಬಾಯಿಗೆ ಹಾಕಿಕೊಂಡು ದೂರಕ್ಕೆ ಉಗುಳುತ್ತಿದ್ದೆ. ನಮ್ಮತ್ತೆ ಕಿಟಕಿಯಿಂದ ನೋಡಿದರು. ಒಂದು ದಿನ ನೋಡಿದರು, ಮರುದಿನವೂ ನೋಡಿದರು, ಮೂರನೆಯ ದಿನ ಬೀದಿಯ ಮನೆಮನೆಗೂ ಹೋಗಿ ನನ್ನ ಸೊಸೆಗೆ ಮತ್ತೆ ಬಸುರಿನ ಯೋಗ ಬಂದೈತೆ ಎಂದು ಹೇಳಿ ಬಂದರು. ಮಗಳು ಆಗ ಪಿಯುಸಿಯಲ್ಲಿದ್ದಳು. ಅವಳು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ನನ್ನ ಗಂಡನಂತೂ ಆಫೀಸಿಗೆ ಹಿಂದಿನ ಬೀದಿಯಿಂದ ಹೋಗತೊಡಗಿದರು.

ಮೇಲಧಿಕಾರಿಗಳ ಬಗ್ಗೆ ಬರೆಯದಿದ್ದರೆ ಇಂಥ ಬರಹ ಪೂರ್ತಿಯಾಗುವುದಿಲ್ಲವಂತೆ. ನನಗಿದ್ದ ಮೇಲಧಿಕಾರಿ ಒಬ್ಬರೇ, ಸಾವ್ಕಾರರು. ಮಾಲು ಹೇಗಿದೆ ಎಂದು ತಿಳಿಯಲು ಅವರದೇ ಒಂದು ಪದ್ಧತಿ ಇತ್ತು. ಗ್ಲಾಸನ್ನು ಬೆಳಕಿಗೆ ಹಿಡಿದು ತೊಗರಿಬೇಳೆ ನೋಡಿದ ಹಾಗೆ ನೋಡುವುದು, ಮೂಗಿನಿಂದ ಮಾರುದೂರ ಇಟ್ಟು ಮೂಸುವುದು, ಆಮೇಲೆ ಗ್ಲಾಸು ನನ್ನ ಕೈಗೆ ಕೊಟ್ಟು ನನ್ನ ಮುಖ ನೋಡುತ್ತ ನಿಲ್ಲುವುದು. ನನ್ನ ಹುಬ್ಬು ಮೇಲೇರಿದರೆ ರೇಟೂ ಮೇಲೇರುತ್ತಿತ್ತು. ಒಮ್ಮೆ ನನಗೆ ದವಡೆ ಹಲ್ಲಿನ ನೋವು. ಗ್ಲಾಸು ಬಾಯಿಗಿಟ್ಟದ್ದೇ ತಡ, ಕಣ್ಣಲ್ಲಿ ನೀರು ಬಂತು. ನಾನು ಬಾಯಿ ತೊಳೆದುಕೊಂಡು ಬರುವಷ್ಟರಲ್ಲಿ ಒಂದಿಡೀ ಟ್ಯಾಂಕು ಮಾಲನ್ನು ಅವರು ಫೋನಿನಲ್ಲೇ ಅಗ್ಗಕ್ಕೆ ಮಾರಿ ಮುಗಿಸಿದ್ದರು. ಹಲ್ಲುನೋವು ಸಾವ್ಕಾರ್ರೆ ಎಂದೆ. ಮೊದಲೇ ಹೇಳಬಾರದೇನ್ರಿ ಎಂದು ಆ ವರ್ಷ ದೀಪಾವಳಿಯ ತನಕ ಗೊಣಗಿದರು.

ಈಗ ಗಾಜುದ್ರಾಕ್ಷಿಯ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಅದೊಂದೇ.

ಜಾಮಿನ ಕಾಲದಲ್ಲಿ ನಮ್ಮ ತಾಮ್ರದ ಕೊಪ್ಪರಿಗೆಗಳಿಗೆ ಕಲಾಯಿ ಹಾಕಲು ಹರಿಹರದಿಂದ ಬಾಬಾಜಾನ್ ಸಾಬರು ಬರುತ್ತಿದ್ದರು. ಬಿಳಿ ಗಡ್ಡ, ಮೆತ್ತನೆ ಮಾತು, ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ಸ್ಟೀಲು ಬಂದು ಅವರ ಕಸುಬು ಮೂಲೆ ಸೇರಿದ ಮೇಲೂ ಒಮ್ಮೊಮ್ಮೆ ಕಾರ್ಖಾನೆಗೆ ಬಂದು ಹೋಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಬಂದಾಗ ಟವೆಲಿನಲ್ಲಿ ಕಟ್ಟಿಕೊಂಡು ಒಂದು ಗೊಂಚಲು ತಂದಿದ್ದರು. ಚಿಕ್ಕ ಹಣ್ಣು, ತಿಳಿಹಸಿರು, ದಪ್ಪ ಸಿಪ್ಪೆ. ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತದೆ, ಅದಕ್ಕೇ ಗಾಜುದ್ರಾಕ್ಷಿ ಎಂದು ಹೆಸರು. ಅವರ ತಂದೆ ಯಾವುದೋ ಊರಿನಿಂದ ಕಡ್ಡಿ ತಂದು ಹೊಳೆದಂಡೆಯ ಅರ್ಧ ಎಕರೆಯಲ್ಲಿ ಕಲ್ಲುಕಂಬದ ಚಪ್ಪರ ಹಾಕಿ ಬೆಳೆಸಿದ್ದರಂತೆ. ಬೇರೆಲ್ಲೂ ನಾನು ಅದನ್ನು ನೋಡಿಲ್ಲ, ನೋಡಿದವರನ್ನೂ ಕಂಡಿಲ್ಲ. ಬಾಯಿಗೆ ಹಾಕಿಕೊಂಡೆ. ಹುಳಿ ಎಂದರೆ ಹುಳಿ, ಕಿವಿಯ ತನಕ ಹೋಯಿತು. ರೂಢಿಯಂತೆ ಉಗುಳಿದೆ. ಉಗುಳಿದ ಮೇಲೆ ಬಾಯಲ್ಲಿ ಒಂದು ಪರಿಮಳ ನಿಂತಿತು ನೋಡಿ, ಮಾವಿನಕಾಯಿಯ ತೊಟ್ಟು ಮುರಿದಾಗ ಬರುತ್ತದಲ್ಲ, ಆ ಥರದ್ದು. ಮಧ್ಯಾಹ್ನದ ಊಟ ಆದಮೇಲೂ ಹೋಗಲಿಲ್ಲ.

ಪೇಟೆಯಲ್ಲಿ ಬೀಜದ ದ್ರಾಕ್ಷಿ ಕೇಳುವವರಿಲ್ಲ. ಸಾಬರ ಮಕ್ಕಳು ಬಳ್ಳಿ ಕಿತ್ತು ಸೈಟು ಮಾಡೋಣ ಎಂದು ಅಪ್ಪನ ಬೆನ್ನು ಬಿದ್ದಿದ್ದರು. ಅವರದೂ ತಪ್ಪೇನಿಲ್ಲ, ಸುತ್ತಲಿನ ಹೊಲಗಳೆಲ್ಲ ಸೈಟಾಗಿ ಮನೆಗಳಿಗೆ ಬಣ್ಣವೂ ಹೊಡೆದಾಗಿತ್ತು. ನಮ್ಮಪ್ಪ ಹಾಕಿದ ಬಳ್ಳಿ, ನನ್ನ ಕೈಯಾರ ಕಡಿಸಲ್ಲ ಎಂದು ಸಾಬರು ಹಟ ಹಿಡಿದಿದ್ದರು. ಹಣ್ಣು ಕೊಳ್ಳುವವರು ಸಿಕ್ಕರೆ ಬಳ್ಳಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಸಾವ್ಕಾರರನ್ನು ಒಪ್ಪಿಸಿ ಹರಿಹರಕ್ಕೆ ಕರೆದುಕೊಂಡು ಹೋದೆ.

ಚಪ್ಪರದ ಕೆಳಗೆ ನಿಂತು ಸಾಬರು ಕೇಳಿದ್ದು ಒಂದೇ ಪ್ರಶ್ನೆ, ಇಷ್ಟು ಹುಳಿ ಹಣ್ಣು ಒಯ್ದು ಏನು ಮಾಡುತ್ತೀರಿ ಎಂದು. ಸಾವ್ಕಾರರು ರೆಪ್ಪೆ ಮಿಟುಕಿಸದೆ ಸಿರ್ಕಾ, ಅದೇ ಅಡುಗೆಗೆ ಹಾಕುವ ವಿನೆಗರ್, ಮಾಡುತ್ತೇವೆ ಎಂದರು. ನಾನು ಗೊಂಚಲುಗಳನ್ನು ಎಣಿಸುವವಳ ಹಾಗೆ ಮೇಲೆ ನೋಡುತ್ತ ನಿಂತೆ. ಸಾಬರು ಇನ್ನೊಂದು ಸಲ ಕೇಳಲಿಲ್ಲ. ವರ್ಷಗಟ್ಟಲೆ ಕೇಳಲಿಲ್ಲ. ನಮ್ಮ ಅತ್ತೆ ಕೇಳದ ಹಾಗೆ, ಊರು ಕೇಳದ ಹಾಗೆ.

ಆ ಹಣ್ಣಿನಿಂದ ವರ್ಷಕ್ಕೆ ಒಂದೇ ಒಂದು ಸಣ್ಣ ಟ್ಯಾಂಕು ಬಿಳಿ ವೈನ್ ಆಗುತ್ತಿತ್ತು. ಅಷ್ಟಕ್ಕೆ ಹೊರದೇಶದ ಯೀಸ್ಟು ತರಿಸಲು ಸಾವ್ಕಾರರಿಗೆ ಮನಸ್ಸಿಲ್ಲ, ತಣ್ಣಗಿಡುವ ಯಂತ್ರಕ್ಕೂ ಮನಸ್ಸಿಲ್ಲ. ಹಾಗಾಗಿ ಹಣ್ಣು ಹಿಂಡಿ, ಸಿಪ್ಪೆಯ ಮೇಲಿನ ಬೂದಿಯಲ್ಲಿ ತಾನಾಗಿ ಇರುವ ಯೀಸ್ಟಿನಿಂದಲೇ ಹುಳಿಯಲು ಬಿಡುತ್ತಿದ್ದೆ. ಟ್ಯಾಂಕಿಗೆ ಒದ್ದೆ ಗೋಣಿಚೀಲ ಸುತ್ತಿ, ಸಕ್ಕರೆಯ ಅಂಶ ಪೂರ್ತಿ ಮುಗಿಯುವ ತನಕ ಕಾಯುವುದು. ಸಕ್ಕರೆ ಮುಗಿದದ್ದಕ್ಕೇ ಡ್ರೈ ಎನ್ನುತ್ತಾರೆ. ಬೇರೇನೂ ಹಾಕುತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅದು ಜಿಪುಣತನ. ಆಮೇಲೆ ಸಾವ್ಕಾರರು ಮಾರಾಟ ಹೆಚ್ಚಿಸಲು ಪುಣೆಯಿಂದ ಕರೆಸಿದ ತಜ್ಞನೊಬ್ಬ ಅದರ ಹೆಸರು ‘ನ್ಯಾಚುರಲ್’ ಎಂದು ತಿಳಿಸಿದ.

ಈ ತಜ್ಞನಿಗೆ ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಒದ್ದೆ ಗೋಣಿಚೀಲ ಕಂಡು ಅವನ ಕಣ್ಣು ತುಂಬಿ ಬಂದವು. ಜಗತ್ತೆಲ್ಲ ಈಗ ಇದನ್ನೇ ಹುಡುಕುತ್ತಿದೆ ಎಂದ. ನ್ಯಾಚುರಲ್ ಎಂಬ ಪದ ಸಾವ್ಕಾರರ ಕಿವಿಗೆ ಬಿದ್ದದ್ದೇ ಅನಾಹುತವಾಯಿತು. ಮಂಡಿಪೇಟೆಯವರಿಗೆ ಒಳ್ಳೆಯ ಮಾಲು ಎಂದರೆ ಸ್ವಚ್ಛ ಮಾಲು, ಕೇರಿ ಜರಡಿ ಹಿಡಿದು ಕೊಡುವಂಥದ್ದು. ಆ ವರ್ಷ ನಾನು ಅಣ್ಣನ ಮಗನ ಮದುವೆಗೆ ಹೋಗಿ ಬರುವಷ್ಟರಲ್ಲಿ, ಹಣ್ಣಿನ ಮೇಲೆ ಬೂದಿ ಕೂತಿದೆ ಎಂದು ಅವರು ಆಳುಗಳನ್ನು ನಿಲ್ಲಿಸಿಕೊಂಡು ಒಂದೊಂದು ಗೊಂಚಲನ್ನೂ ಉಪ್ಪು, ಅರಿಶಿನದ ನೀರಿನಲ್ಲಿ ಅದ್ದಿ ತಿಕ್ಕಿಸಿ ತೊಳೆಸಿದ್ದರು. ಟ್ಯಾಂಕಿಗೆ ಕುದಿಯುವ ನೀರು ಹಾಕಿಸಿ, ವಿಭೂತಿ ಪಟ್ಟೆ ಬಳಿದು, ಊದಿನಕಡ್ಡಿ ಬೇರೆ ಹಚ್ಚಿದ್ದರು. ರಸ ಟ್ಯಾಂಕಿನಲ್ಲಿ ಮಲಗಿತ್ತು. ಒಂದು ಗುಳ್ಳೆ ಇಲ್ಲ. ನ್ಯಾಚುರಲ್ ಅಂದ್ರೆ ಸ್ವಚ್ಛ ಅಲ್ಲೇನ್ರಿ ಎಂದು ನನ್ನನ್ನೇ ಕೇಳಿದರು. ತಜ್ಞ ತಲೆಯ ಮೇಲೆ ಕೈ ಹೊತ್ತು ಕೂತ.

ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಹಾಲು ಹೆಪ್ಪುಗಟ್ಟದಿದ್ದರೆ ಪಕ್ಕದ ಮನೆಯಿಂದ ಹೆಪ್ಪು ತರುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಹರಿಹರಕ್ಕೆ ಓಡಿದೆ. ಚಪ್ಪರದಲ್ಲಿ ಅಲ್ಲಿ ಇಲ್ಲಿ ಉಳಿದಿದ್ದ ಗೊಂಚಲು ಕಿತ್ತು, ತೊಳೆಯದೆ ಹಿಂಡಿ, ಬೋಗುಣಿಯಲ್ಲಿಟ್ಟು ಬಟ್ಟೆ ಕಟ್ಟಿದೆ. ಅದು ಬುರುಗು ಎದ್ದ ಮೇಲೆ ಒಯ್ದು ಟ್ಯಾಂಕಿಗೆ ಸುರಿದೆ. ಎರಡು ದಿನಕ್ಕೆ ಟ್ಯಾಂಕು ಗುಸುಗುಸು ಎನ್ನತೊಡಗಿತು. ಸಾವ್ಕಾರರು ಅದಕ್ಕೆ ಊದಿನಕಡ್ಡಿಯೇ ಕಾರಣ ಎಂದು ಇವತ್ತಿಗೂ ನಂಬಿದ್ದಾರೆ.

ನಮ್ಮೂರಿನಲ್ಲಿ ಡ್ರೈ ಮಾರುವ ಕಷ್ಟ ಹೇಳುವುದೇ ಬೇಡ. ಜವಳಿ ಅಂಗಡಿಯ ಒಬ್ಬರು ಬಾಟಲಿಯನ್ನು ಪಂಚೆಯಲ್ಲಿ ಮರೆಮಾಡಿಕೊಂಡು ವಾಪಸ್ ತಂದರು. ಮಾಲು ಕೆಟ್ಟಿದೆ, ಸಿಹಿಯೇ ಇಲ್ಲ ಎಂದು ದೂರು. ಸಾವ್ಕಾರರ ಮುಖ ಅರಳಿತು, ಎಷ್ಟೆಂದರೂ ಬೆಲ್ಲದ ವ್ಯಾಪಾರಿ. ಪ್ರತಿ ಟ್ಯಾಂಕಿಗೂ ಒಂದೆರಡು ಅಚ್ಚು ಹಾಕಿಬಿಡೋಣವೇ ಎಂದು ಕೇಳಿದರು. ಬೆಲ್ಲ ಹಾಕುವುದಾದರೆ ಒಣಶುಂಠಿ, ಮೆಣಸೂ ಹಾಕಿ ಕಷಾಯ ಎಂದೇ ಮಾರಿ, ನಾನು ಮನೆಗೆ ಹೋಗುತ್ತೇನೆ ಎಂದೆ. ಅಂತೂ ತಜ್ಞ ಓಡಾಡಿ ಬೆಂಗಳೂರಿನ ದೊಡ್ಡ ಹೋಟೆಲೊಂದನ್ನು ಹಿಡಿದ. ಇಡೀ ಟ್ಯಾಂಕು ಅವರೇ ಕೊಳ್ಳುತ್ತಾರೆ. ಆದರೆ ಅವರಿಗೆ ವೈನಿನ ಜೊತೆ ಒಂದು ಕಥೆ ಬೇಕಂತೆ.

ಕಥೆಗಾಗಿ ತಜ್ಞ ಕ್ಯಾಮೆರಾ ಹಿಡಿದು ಹರಿಹರಕ್ಕೆ ಹೋದ. ಸಾಬರು ಶುಕ್ರವಾರದ ಬಿಳಿ ಅಂಗಿ ಹಾಕಿಕೊಂಡು, ಗಡ್ಡ ಬಾಚಿಕೊಂಡು, ಚಪ್ಪರದ ಕೆಳಗೆ ಗೊಂಚಲು ಹಿಡಿದು ನಿಂತರು. ಸಿರ್ಕಾ ಬಾಟಲಿಗೆ ತಮ್ಮ ಫೋಟೋ ಬರುತ್ತದೆ ಎಂದು ಓಣಿಗೆಲ್ಲ ಹೇಳಿದ್ದರಂತೆ. ಲೇಬಲ್ಲಿನ ನಮೂನೆ ಅಚ್ಚಾಗಿ ನನ್ನ ಮೇಜಿಗೆ ಬಂತು. ಚೆಂದದ ಕಾಗದ, ಚೆಂದದ ಅಕ್ಷರ, ನಡುವೆ ಆ ಮುಖ. ಕೆಳಗೆ ‘ಡ್ರೈ ವೈಟ್ ವೈನ್’.

ಇಷ್ಟು ದಿನ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ, ನಡೆದುಹೋಯಿತು. ಇನ್ನು ಮೇಲೆ ಅವರ ಮುಖವೇ ಎಲ್ಲರಿಗೂ ಹೇಳುತ್ತದೆ. ಸಾವ್ಕಾರರಿಗೆ ತೋರಿಸಿದೆ. ಬೆಂಗಳೂರಿನಲ್ಲಿ ಕುಡಿಯೋದು, ಹರಿಹರದಲ್ಲಿ ಯಾರು ನೋಡ್ತಾರೆ ಎಂದರು. ಇದೇ ಮಾತನ್ನು ನಿಮ್ಮ ಫೋಟೋ ಹಾಕಿ ಹೇಳಿ ಎಂದೆ. ಅವರು ಬೆಚ್ಚಿಬಿದ್ದು ಗಲ್ಲಾಪೆಟ್ಟಿಗೆಯ ಮೇಲಿನ ಬಸವಣ್ಣನ ಪಟದ ಕಡೆ ನೋಡಿದರು.

ನಾನು ಲೇಬಲ್ಲು ತೆಗೆದುಕೊಂಡು ಹರಿಹರಕ್ಕೆ ಹೊರಟೆ. ಬಸ್ಸಿನಲ್ಲಿ ಕೂತಾಗಲೂ ಗೊತ್ತಿತ್ತು, ಸತ್ಯ ಹೇಳಿದರೆ ಅವರು ಹಣ್ಣು ಕೊಡುವುದಿಲ್ಲ, ಹಣ್ಣು ಕೊಡದಿದ್ದರೆ ಬಳ್ಳಿ ಉಳಿಯುವುದಿಲ್ಲ. ಹೇಳದಿದ್ದರೆ ಬಳ್ಳಿ ಉಳಿಯುತ್ತದೆ, ಆ ಮನುಷ್ಯನ ಮರ್ಯಾದೆ ಉಳಿಯುವುದಿಲ್ಲ. ಸಾಬರು ಚಪ್ಪರದ ಕೆಳಗೆ ಕಸ ಗುಡಿಸುತ್ತಿದ್ದರು. ಲೇಬಲ್ಲನ್ನು ದೂರ ಹಿಡಿದು ನೋಡಿದರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ.

“ಫೋಟೋ ಚಲೋ ಬಂದೈತೆ,” ಎಂದರು. ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟು, “ಬಾಟ್ಲಿ ಒಳಗೆ ಏನೈತೆ ತಂಗೀ?” ಎಂದರು.

“ವೈನ್ ಐತೆ, ಸಾಬ್ರೆ.”

ಅವರು ಕಸಬರಿಗೆಯನ್ನು ಕಂಬಕ್ಕೆ ಒರಗಿಸಿದರು. “ನಂಗೂ ಅನುಮಾನ ಇತ್ತು. ಇಷ್ಟು ವರ್ಷ ಕೇಳಿರಲಿಲ್ಲ, ಹಂಗಾಗಿ ಕೊಟ್ಟೆ. ಈಗ ಕೇಳೀನಿ, ನೀವು ಹೇಳೀರಿ. ಇನ್ನು ಕೊಡಕ್ಕೆ ಬರಲ್ಲ.”

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಚಹಾ ಕುಡಿಸಿಯೇ ಕಳಿಸಿದರು. ಬಸ್‌ ಸ್ಟ್ಯಾಂಡಿನ ತನಕ ಅಳು ತಡೆದುಕೊಂಡು ಬಂದೆ.

ಅವರ ಮುಖವನ್ನಂತೂ ಲೇಬಲ್ಲಿನಿಂದ ತೆಗೆಸಿದೆ. ಮಂಡಿಪೇಟೆಯಲ್ಲಿ ನಿಮ್ಮ ಅಂಗಡಿಯ ಅರ್ಧ ಗಿರಾಕಿಗಳು ಸಾಬರ ನೆಂಟರು ಎಂದು ಸಾವ್ಕಾರರಿಗೆ ನೆನಪಿಸಿದ್ದಷ್ಟೇ. ಆದರೆ ತಜ್ಞನಿಗೆ ಯಾವುದಾದರೂ ಒಂದು ಮುಖ ಬೇಕೇ ಬೇಕು. ಸಾವ್ಕಾರರು ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದೇವೆ, ಈಗ ಆಗಲ್ಲ ಎಂದರು. ನಾನು ಅತ್ತೆ ಬದುಕಿರುವ ತನಕ ಆಗಲ್ಲ ಎಂದೆ. ಇನ್‌ಸ್ಪೆಕ್ಟರು ಸರ್ಕಾರಿ ನೌಕರಿಯ ಕಾರಣ ಕೊಟ್ಟರು. ನಿನ್ನದೇ ಹಾಕಪ್ಪ ಎಂದರೆ ಆ ತಜ್ಞನೂ, ನಮ್ಮ ಮನೆಯಲ್ಲಿ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದು ತಿಳಿದಿದ್ದಾರೆ ಎಂದ. ಇಷ್ಟು ಒಳ್ಳೆಯ ವೈನಿಗೆ ಮುಖ ಕೊಡುವ ಒಬ್ಬ ಮನುಷ್ಯ ಸಿಗಲಿಲ್ಲ. ಕೊನೆಗೆ ಒಂದು ಗಿಳಿಯ ಚಿತ್ರ ಹಾಕಿದರು. ಗಿಳಿ ಯಾರ ಮಾತಿಗೂ ಅಂಜಬೇಕಾಗಿಲ್ಲ.

ಮರುವರ್ಷ ಹಣ್ಣಿನ ಕಾಲ ಬಂತು. ಸಾಬರ ಗೇಟು ನಮಗೆ ಮುಚ್ಚಿತ್ತು. ಹೋಟೆಲಿನವರ ಆರ್ಡರು ಮಾತ್ರ ತೆರೆದೇ ಇತ್ತು. ಸಾವ್ಕಾರರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಬೀಜವಿಲ್ಲದ ಸಾದಾ ಹಸಿರು ದ್ರಾಕ್ಷಿ ಇಳಿಸಿಕೊಂಡರು. ಲೇಬಲ್ಲು ಹಳೆಯದೇ, ಗಿಳಿ ಹಳೆಯದೇ, ‘ಅಪರೂಪದ ಗಾಜುದ್ರಾಕ್ಷಿ’ ಎಂಬ ಮಾತೂ ಹಳೆಯದೇ. ಕುಡಿಯೋರಿಗೆ ಏನ್ ಗೊತ್ತಾಗ್ತೈತೆ ಎಂದರು. ಅವರಿಗಂತೂ ಗೊತ್ತಾಗುವಂತಿರಲಿಲ್ಲ, ಒಂದು ಹನಿ ನಾಲಿಗೆಗೆ ತಾಗಿಸಿದವರಲ್ಲ. ತಳಿ ಇದೇ ಎಂದು ನಾನು ಸಹಿ ಹಾಕಬೇಕಿತ್ತು. ಬಾಯಿಗೆ ಹಾಕಿಕೊಂಡು ನೋಡಿದೆ. ಸಕ್ಕರೆ ನೀರಿನಲ್ಲಿ ಲೋಟ ತೊಳೆದ ಹಾಗಿತ್ತು. ಬಕೆಟ್ಟಿಗೆ ಉಗುಳಿ, ಪೆನ್ನಿನ ಕ್ಯಾಪು ಮುಚ್ಚಿ, ಇದು ಅದಲ್ಲ, ನಾನು ಸಹಿ ಹಾಕುವುದಿಲ್ಲ ಎಂದೆ. ತಜ್ಞ ಸಹಿ ಹಾಕಿದ. ನನ್ನ ನಿವೃತ್ತಿಗೆ ಹೇಗೂ ಕೆಲವೇ ತಿಂಗಳು ಉಳಿದಿತ್ತು, ಅಷ್ಟು ದಿನ ನನಗೆ ಬಾಟಲಿಗಳ ಮುಚ್ಚಳ ಎಣಿಸುವ ಕೆಲಸ ಕೊಟ್ಟರು.

ಆ ವೈನ್ ಕುಡಿದು ಬೆಂಗಳೂರಿನ ಬಲ್ಲವರು ಪತ್ರಿಕೆಯಲ್ಲಿ ಏನು ಬರೆದರು ಗೊತ್ತೇ? ಈ ಸಲದ ವೈನಿನಲ್ಲಿ ತುಂಗಭದ್ರೆಯ ತೀರದ ಮಣ್ಣಿನ ಗುಣ ಹಿಂದಿಗಿಂತ ಹೆಚ್ಚು ಸ್ಪಷ್ಟವಾಗಿದೆ, ಅಪರೂಪದ ತಳಿಯ ಆತ್ಮ ಮಾತಾಡುತ್ತದೆ ಎಂದು. ತಜ್ಞ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಓದಿ ನಾನು ಬಹಳ ಹೊತ್ತು ನಕ್ಕೆ. ಆಮೇಲೆ ಯೋಚನೆಗೆ ಬಿದ್ದೆ. ಮಾಡುವವರು ಕುಡಿಯದ, ಕುಡಿಯುವವರಿಗೆ ತಿಳಿಯದ ಒಂದು ವಸ್ತುವಿಗಾಗಿ ನಾನು ಇಷ್ಟು ವರ್ಷ ಗೋಣಿಚೀಲ ಒದ್ದೆ ಮಾಡಿದೆನಲ್ಲ ಎಂದು ಹೊಟ್ಟೆ ಉರಿಯಿತು.

ಬೀಳ್ಕೊಡುಗೆ ಸಮಾರಂಭದಲ್ಲಿ ಎಲ್ಲರೂ ಬಾದಾಮಿ ಹಾಲಿನ ಗ್ಲಾಸು ಎತ್ತಿದರು. ಗಿರಿಜಮ್ಮನವರು ನಮ್ಮ ಜ್ಯೂಸ್ ಫ್ಯಾಕ್ಟರಿಗೆ ಜೀವ ತೇಯ್ದಿದ್ದಾರೆ ಎಂದು ಸಾವ್ಕಾರರು ಭಾಷಣ ಮಾಡಿದರು. ಶಾಲು ಹೊದಿಸಿ ಒಂದು ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯ ತುಂಬ ಬೀಜವಿಲ್ಲದ ದ್ರಾಕ್ಷಿ.

ನಿವೃತ್ತಿಯ ಮರುವಾರವೇ ಹರಿಹರಕ್ಕೆ ಹೋದೆ. ಚಪ್ಪರದ ಕೆಳಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು, ಇದು ಒಂದು ಸೈಟು, ಇದು ಇನ್ನೊಂದು. ಸಾಬರ ದೊಡ್ಡ ಮಗ, ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನು, ಟೇಪು ಹಿಡಿದು ನಿಂತಿದ್ದ. ಸಾಬರು ಕಟ್ಟೆಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದರು. ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ.

“ಇಷ್ಟು ವರ್ಷ ಸಿರ್ಕಾ ಅಂತ ಹೇಳಿದ್ವಿ, ಸಾಬ್ರೆ. ಈಗ ನಿಜವಾಗ್ಲೂ ಸಿರ್ಕಾನೇ ಮಾಡೋಣ.”

ಮಗ ನಕ್ಕ. ಆದರೆ ವ್ಯಾಪಾರಸ್ಥ, ಕೇಳಿಸಿಕೊಂಡ. ಮುಂದಿನ ಒಂದು ಬೆಳೆ ನಿಮಗೆ ಬಿಡುತ್ತೇನೆ, ಮಾಲು ಚಲೋ ಬಂದು ಮಾರಾಟವಾದರೆ ಬಳ್ಳಿ ಇರಲಿ, ಇಲ್ಲದಿದ್ದರೆ ಜೆಸಿಬಿ ಕರೆಸುತ್ತೇನೆ ಎಂದ. ನ್ಯಾಯದ ಮಾತು. ಸಾಬರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು. ಈ ಸಲ ಏನನ್ನೂ ಮುಚ್ಚಿಡಬಾರದು ಎಂದು ಮೊದಲೇ ನಿರ್ಧರಿಸಿದ್ದೆ, ಪೂರ್ತಿ ಹೇಳಿದೆ. ರಸ ನೇರವಾಗಿ ಸಿರ್ಕಾ ಆಗುವುದಿಲ್ಲ, ನಡುವೆ ಕೆಲವು ವಾರ ಅದು ವೈನೇ ಆಗಿರುತ್ತದೆ, ಆಮೇಲೆ ಗಾಳಿಗೆ ಬಿಟ್ಟರೆ ಹುಳಿಗೆ ತಿರುಗುತ್ತದೆ ಎಂದೆ. ಸಾಬರು ಗಡ್ಡ ನೀವುತ್ತ ಯೋಚಿಸಿದರು.

“ಅದು ದಾರಿ ಅಷ್ಟೇ ಅಲ್ಲೇನು? ಹೋಗಿ ಮುಟ್ಟೋ ಊರು ಸಿರ್ಕಾ ತಾನೆ?”

ಹೌದು ಎಂದೆ.

“ಹಂಗಾದ್ರೆ ದಾರಿ ಮಧ್ಯೆ ನಾನ್ಯಾಕ ನಿಲ್ಲಲಿ? ಮಗಳ ಮನೆಗೆ ಹೋಗಿ ಬರ್ತೀನಿ. ನೀವು ಊರು ಮುಟ್ಟಿಸಿ ಹೇಳಿಕಳಸ್ರಿ,” ಎಂದರು.

ಹಳೆಯ ಇನ್‌ಸ್ಪೆಕ್ಟರನ್ನೂ ಕೇಳಿದೆ, ಅವರೂ ನಿವೃತ್ತರಾಗಿದ್ದರು. ಹುಳಿ ಆದಮೇಲೆ ಅದು ನಮ್ಮ ಇಲಾಖೆಯದಲ್ಲ, ಹುಳಿ ಆಗುವ ಮೊದಲು ನಾನು ಆ ಕಡೆ ಬಂದಿಲ್ಲ ಎಂದು ಫೋನಿಟ್ಟರು. ಇದು ಕಾನೂನಿನ ಮಾತಲ್ಲ, ಹೊಸಬರು ಇದನ್ನು ನಂಬಿಕೊಂಡು ಹೋಗಬೇಡಿ, ಲೈಸೆನ್ಸಿನ ಕಾಗದಕ್ಕೆ ನಾನು ಆಮೇಲೆ ಬಹಳ ಚಪ್ಪಲಿ ಸವೆಸಿದೆ.

ಸಾಬರು ತಮ್ಮ ತಾಮ್ರದ ದೊಡ್ಡ ಹಂಡೆಗೆ ಹೊಸ ಕಲಾಯಿ ಹಾಕಿ ಕೊಡುತ್ತೇನೆ ಎಂದಿದ್ದರು. ಹುಳಿಗೆ ತಾಮ್ರ ಬ್ಯಾಡ ಎಂದು ಒಪ್ಪಿಸುವುದರಲ್ಲಿ ಸಾಕುಬೇಕಾಯಿತು. ಉಪ್ಪಿನಕಾಯಿಯ ಪಿಂಗಾಣಿ ಜಾಡಿಗಳನ್ನು ಹೊಂದಿಸಿಕೊಂಡೆ. ಹಣ್ಣು ಮಾಗಿದಾಗ ಹಿಂಡಿ ರಸವನ್ನು ಅವುಗಳಿಗೆ ತುಂಬಿದೆ. ಸಾಬರು ಮಗಳ ಮನೆಗೆ ಹೋದರು. ನಾನು ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು ಹತ್ತುತ್ತಿದ್ದೆ. ಎಲ್ಲಿಗೆ ಎಂದು ಅತ್ತೆ ಕೇಳಿದರೆ ಹರಿಹರೇಶ್ವರನ ದರ್ಶನಕ್ಕೆ ಎನ್ನುತ್ತಿದ್ದೆ. ಹೋಗುತ್ತಲೂ ಇದ್ದೆ, ದೇವಸ್ಥಾನ ದಾರಿಯಲ್ಲೇ ಇತ್ತು.

ಗುಳ್ಳೆ ನಿಂತಿತು. ಈಗ ಗಾಳಿಗೆ ಬಿಡಬೇಕು, ಆದರೆ ಒಳಗೆ ಸಕ್ಕರೆ ಉಳಿದಿದ್ದರೆ ಸಿರ್ಕಾ ಕೆಟ್ಟು ನೊಣ ಮುತ್ತುತ್ತದೆ, ಅಲ್ಲಿಗೆ ಬಳ್ಳಿಯ ಕಥೆ ಮುಗಿಯಿತು. ಅಳೆಯುವ ಗಾಜಿನ ಕೊಳವೆ ಕಂಪನಿಯದು, ಬಿಟ್ಟು ಬಂದಿದ್ದೆ. ಉಳಿದದ್ದು ನಾಲಿಗೆ. ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ, ಆಡಿಸಿದೆ, ಗಾಳಿ ಎಳೆದೆ. ಸಕ್ಕರೆಯ ಸುಳಿವೇ ಇರಲಿಲ್ಲ, ಪೂರ್ತಿ ಡ್ರೈ. ಶಿವನೇ, ನನ್ನ ಕೈಯಿಂದ ಅಂಥದ್ದು ಯಾವತ್ತೂ ಆಗಿರಲಿಲ್ಲ. ಅಭ್ಯಾಸಬಲದಿಂದ ಬಲಕ್ಕೆ ತಿರುಗಿದೆ. ಬಕೆಟ್ಟು ಇರಲಿಲ್ಲ.

ಎದುರಿಗೆ ಸಾಬರ ಅಂಗಳ. ಊರಿಗೆ ಹೋಗುವ ಮುನ್ನ ತಾವೇ ಕಸ ಗುಡಿಸಿ, ನೀರು ಚಿಮುಕಿಸಿ ಹೋ‌ಗಿದ್ದರು. ಚಪ್ಪರದ ಒಂದು ಮೂಲೆಯಲ್ಲಿ ಅವರು ನಮಾಜಿಗೆ ಚಾಪೆ ಹಾಸುವ ಜಾಗ, ಇನ್ನೊಂದು ಮೂಲೆಯಲ್ಲಿ ಅವರಪ್ಪ ನೆಟ್ಟ ಬಳ್ಳಿಯ ಬುಡ. ಬಾಯಿ ತುಂಬಿಕೊಂಡು ಆ ಕಡೆ ಈ ಕಡೆ ನೋಡಿದೆ. ಎಲ್ಲಿ ಅಂತ ಉಗುಳುವುದು? ಆ ಮನುಷ್ಯ ನನ್ನ ಮೇಲೆ ನಂಬಿಕೆ ಇಟ್ಟು ಬಿಟ್ಟುಹೋದ ಅಂಗಳ ಅದು. ಕರಡಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನುಂಗಿದೆ.

ಜಾಡಿಗಳಿಗೆ ತೆಳುಬಟ್ಟೆ ಕಟ್ಟಿ ಗಾಳಿಗೆ ಬಿಟ್ಟೆ. ಸಿರ್ಕಾ ಬಂತು. ಮಗ ಒಂದು ಬಾಟಲಿ ಒಯ್ದು ತನ್ನಲ್ಲಿ ಪಾತ್ರೆ ಕೊಳ್ಳುವ ಬಿರಿಯಾನಿ ಹೋಟೆಲಿನವರಿಗೂ ಉಪ್ಪಿನಕಾಯಿಯ ವ್ಯಾಪಾರಿಗಳಿಗೂ ರುಚಿ ತೋರಿಸಿದ, ಸಂಜೆಗೆ ಖಾಲಿ ಬಾಟಲಿ ಹಿಡಿದು ಇನ್ನೆಷ್ಟು ಐತೆ ಎಂದು ಕೇಳುತ್ತ ಬಂದ. ಉಳಿದಿದ್ದ ಸುಣ್ಣದ ಪುಡಿಯನ್ನು ಕಲಸಿ ಇರುವೆ ಹತ್ತದ ಹಾಗೆ ಬಳ್ಳಿಯ ಬುಡಗಳಿಗೆ ಅವನೇ ಬಳಿಸಿದ. ನಮ್ಮ ಮನೆಯ ಮಾವಿನ ಉಪ್ಪಿನಕಾಯಿಗೂ ಈಗ ಅದೇ ಸಿರ್ಕಾ. ಜ್ಯೂಸ್ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಇದ್ದು ಕಡೆಗಾದರೂ ಒಂದು ಕೆಲಸಕ್ಕೆ ಬರುವ ವಿದ್ಯೆ ಕಲಿತು ಬಂದಳು ಎಂದು ಅತ್ತೆ ಬೀದಿಯವರಿಗೆ ಹೇಳುತ್ತಾರಂತೆ.

ಸಾಬರು ಮಗಳ ಮನೆಯಿಂದ ಬಂದ ದಿನ ನಾನು ಅಲ್ಲೇ ಇದ್ದೆ. ಕೈಕಾಲು ತೊಳೆದು ಬಂದು, ಜಾಡಿಯೊಳಗೆ ಬೆರಳದ್ದಿ ನೆಕ್ಕಿದರು. ಹುಳಿಗೆ ಕಣ್ಣು ಮುಚ್ಚಿಕೊಂಡವು. ತಲೆಯೆತ್ತಿ ಚಪ್ಪರವನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಸಾವ್ಕಾರರು ಇಷ್ಟು ವರ್ಷ ನೋಡಿದರೂ ಕಾಣದ್ದು ಅವರಿಗೆ ಅಲ್ಲಿ ಕಂಡಿರಬೇಕು.

“ದಾರಿ ಹೆಂಗಿತ್ತು ತಂಗೀ?” ಎಂದರು.

“ಚಲೋ ಇತ್ತು ಸಾಬ್ರೆ,” ಎಂದೆ. “ಊರು ಮುಟ್ಟೋದೇ ಬ್ಯಾಡ ಅನ್ನಿಸ್ತು.”